ಮೆಣಸಿನಕಾಯಿಯ ಘಾಟು

ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದರೆ ಇಂದಿಗೂ ನಾನು ಉಸಿರು ಬಿಗಿಹಿಡಿಯುತ್ತೇನೆ.

ಎರಡನೇ ತರಗತಿಯಲ್ಲಿದ್ದರೂ ನನಗೆ ಓದಲು ಬರುತ್ತಿರಲಿಲ್ಲ. ಅಕ್ಷರಗಳು ಪುಟದ ಮೇಲೆ ನಿಲ್ಲುತ್ತಿರಲಿಲ್ಲ. ಅಟ್ಟೂರಿನ ಅಜ್ಜಿಗೆ, ಎಂದರೆ ಅಮ್ಮನ ತಾಯಿಗೆ, ಅಪ್ಪನ ತಾಯಿಯಾದ ಮಸೀದಿ ಬೀದಿಯ ದಾದಿಯ ಮೇಲೆ ಗುಮಾನಿ. “ಆಯಮ್ಮ ಬಂದ್ಹೋದಾಗಿಂದ್ಲೇ ಮಗು ಹಿಂಗಾಗಿರೋದು” ಎನ್ನುತ್ತಾ ಒಂದು ಮಧ್ಯಾಹ್ನ ಅವರು ಮೆಣಸಿನಕಾಯಿ ನಿವಾಳಿಸಿ ಧೂಪದ ಕೆಂಡಕ್ಕೆ ಹಾಕಿದರು. ಘಾಟು ಬಾರದಿದ್ದರೆ ದೃಷ್ಟಿ ತಾಗಿದೆಯೆಂದು ಅರ್ಥ. ಬಂದರೆ ದಡ್ಡತನ ನನ್ನದೇ. ಗಂಟಲು ಉರಿಯುತ್ತಿದ್ದರೂ ನಾನು ಕೆಮ್ಮಲಿಲ್ಲ.

“ನೋಡಿದ್ಯೇನೇ, ಘಾಟೇ ಇಲ್ಲ” ಎಂದು ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಅಮ್ಮನಿಗೆ ಹೇಳಿದರು.

ಬಾಗಿಲಲ್ಲಿ ನಿಂತಿದ್ದ ದಾದಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಕೆಂಪೇರಿದ ಮುಖವನ್ನು ನೋಡಿ, ಸೆರಗಿನಿಂದ ಗಾಳಿ ಬೀಸುತ್ತಾ ಹೇಳಿದರು: “ನನ್ನ ಕಣ್ಣೇ ಇರ್ಬೇಕು ಬಿಡಿ. ನೀನು ಕೆಮ್ಮು, ಬೇಟಾ.”