ಭಾನುವಾರದ ಹೊಗೆ

“ಇದಕ್ಕಿಂತ ಜೋರಾಗಿ ಹೊಗೆ ಬರೋದು ಇಲ್ವಾ?”

ಅಂಗಡಿಯವಳು ಚೀಲ ಕೆಳಗಿಟ್ಟು ಅವನನ್ನೇ ನೋಡಿದಳು. “ಎಲ್ರೂ ಕಡಿಮೆ ಹೊಗೇದು ಕೇಳ್ತಾರೆ ಸಾರ್. ಸೇಬಿನ ಮರದ ಪೆಲೆಟ್ ತಗೊಳ್ಳಿ. ಕೋಳಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ತೆಳು ಹೊಗೆ, ಸಿಹಿ ಪರಿಮಳ. ಅಕ್ಕಪಕ್ಕದವರಿಗೂ ತೊಂದರೆ ಇಲ್ಲ.”

“ಅದು ಬೇಡ.”

ಅವಳು ಇನ್ನೊಂದು ಚೀಲ ಬಿಚ್ಚಿದಳು. ಮರದ ಹೊಟ್ಟನ್ನು ಒತ್ತಿ ಮಾಡಿದ ಗಿಡ್ಡ ಕಡ್ಡಿಗಳು. ಅವನು ಒಂದನ್ನು ಮುರಿದ. ಚಟ್ಟೆಂದಿತು. ಮೂಸಿ ನೋಡಿದ.

“ಹಿಕರಿ ಮರದ್ದು,” ಎಂದಳು. “ಬಲು ಗಾಟು. ಮಾಂಸಕ್ಕೆ ಹತ್ತಿದಷ್ಟೇ ಮನೆ ಪರದೆಗೂ ಹತ್ತುತ್ತೆ.”

“ಇದೇ ಕೊಡಿ.”

“ಊಟಕ್ಕೆ ಎಷ್ಟು ಜನ?”

“ಒಬ್ಬರು ಬರ್ತಾರೆ,” ಎಂದ. “ಹನ್ನೊಂದೂವರೆಗೆ. ಊಟಕ್ಕಲ್ಲ.”

ಅವನದು ಕರಡು ತಿದ್ದುವ ಕೆಲಸ. ಮನೆಯಲ್ಲೇ ಕೂತು ಕಂಡವರ ವಾಕ್ಯಗಳನ್ನು ದಿನವಿಡೀ ಸರಿಪಡಿಸುತ್ತಿದ್ದ. ತಾನು ಬಾಯಿಬಿಟ್ಟು ಒಂದು ವಾಕ್ಯ ಆಡದೆ ವಾರಗಳು ಉರುಳುತ್ತಿದ್ದವು. ಪೆಲೆಟ್ ಉರಿಸಿ ಮಾಂಸ ಸುಡುವ ಗ್ರಿಲ್ಲು ಅಕ್ಕನದು. ಊರು ಬಿಡುವಾಗ “ಒಬ್ಬನೇ ಇದ್ದೀನಿ ಅಂತ ಬ್ರೆಡ್ಡು ತಿಂದ್ಕೊಂಡು ಬಿದ್ದಿರಬೇಡ ಕಣೋ” ಎಂದು ಅವನ ಹಿತ್ತಲಿಗೆ ದಬ್ಬಿ ಹೋಗಿದ್ದಳು.

ಅದನ್ನು ಮೊದಲ ಸಲ ಹೊತ್ತಿಸಿದ ಭಾನುವಾರವೇ ಬಾಗಿಲಲ್ಲಿ ದಬದಬ ಸದ್ದಾಯಿತು. ಮೇಲಿನ ಮನೆಯ ನಿವೃತ್ತ ನರ್ಸ್. ಒಗೆದ ಬಟ್ಟೆಯೆಲ್ಲ ಹೊಗೆ ವಾಸನೆ ಎಂದು ಹತ್ತು ನಿಮಿಷ ಬೈದು ಹೋದಳು. ಅವಳು ಹೋದ ಮೇಲೆ ಅವನು ಬಾಗಿಲ ಬಳಿಯೇ ನಿಂತಿದ್ದ. ಅಕ್ಕ ಹೋದ ಮೇಲಿನ ಏಳು ತಿಂಗಳಲ್ಲಿ ಆ ಬಾಗಿಲು ತಟ್ಟಿದ ಮೊದಲ ಕೈ ಅದು.

ಮುಂದಿನ ಭಾನುವಾರ ಮತ್ತೆ ಹೊತ್ತಿಸಿದ. ಮತ್ತೆ ಬಂದಳು. ಆಮೇಲೆ ಅದೇ ರೂಢಿಯಾಯಿತು. ಬೈಗುಳ ಹತ್ತು ನಿಮಿಷದಿಂದ ಅರ್ಧ ಗಂಟೆಗೆ ಬೆಳೆಯಿತು. ಒಂದು ದಿನ, “ಈ ಹೊಗೇಲಿ ಮೇಲೆ ಹೇಗ್ರೀ ಕೂರೋದು? ಹೊಗೆ ಹೋಗೋ ತನಕ ಇಲ್ಲೇ ಇರ್ತೀನಿ” ಎಂದು ಗ್ರಿಲ್ಲಿನ ಪಕ್ಕದಲ್ಲೇ ಕುರ್ಚಿ ಎಳೆದು ಕೂತಳು. ಆಸ್ಪತ್ರೆಯ ಕಥೆಗಳನ್ನು ಹೇಳಿದಳು. ಕಳೆದ ವಾರವಂತೂ ಬೆಳಗಿನಿಂದ ಗಾಳಿ ರಸ್ತೆಯ ಕಡೆಗೇ ಬೀಸುತ್ತಿತ್ತು. ಇವತ್ತು ಬರಲಾರಳು ಎಂದು ಅವನು ಕೈಚೆಲ್ಲಿದ್ದ. ಹನ್ನೊಂದೂವರೆಗೆ ಸರಿಯಾಗಿ ಬಂದಳು. ನಡುವೆ ಗಾಳಿ ತಿರುಗಿರಬೇಕು ಅಂದುಕೊಂಡ. ಮುಂದಿನ ವಾರ ತಿರುಗದಿದ್ದರೆ? ಅದಕ್ಕೇ ಈ ಸಲ ಹಿಕರಿ.

ಭಾನುವಾರ ಹತ್ತಕ್ಕೆ ಪೆಲೆಟ್ ಸುರಿದು ಗುಂಡಿ ಒತ್ತಿದ. ಮೋಟಾರು ಗುರ್ರೆಂದು ನಿಂತಿತು. ಮತ್ತೆ ಒತ್ತಿದ. ಮತ್ತೆ ಗುರ್ರ್. ಮುಚ್ಚಳ ತೆಗೆದು ಕೈ ಹಾಕಿದ. ತಳದಲ್ಲಿದ್ದ ಹಳೆಯ ಪೆಲೆಟ್ ತೇವ ಹಿಡಿದು ಊದಿ, ಹಿಟ್ಟಿನ ಹಾಗೆ ಮೆತ್ತಿಕೊಂಡು, ಪೆಲೆಟ್‌ಗಳನ್ನು ಬೆಂಕಿಗೆ ತಳ್ಳುವ ಸುರುಳಿ ಅಲ್ಲಾಡದಂತೆ ಕಚ್ಚಿತ್ತು. ಚಮಚದಿಂದ ಕೆರೆದ. ಸ್ಕ್ರೂಡ್ರೈವರ್‌ನಿಂದ ತಿವಿದ. ಹನ್ನೊಂದಾಯಿತು.

ಹೊಗೆ ಹೋಗಲಿ, ಒಂದು ಕಿಡಿಯೂ ಏಳಲಿಲ್ಲ.

ಹನ್ನೊಂದೂಕಾಲಿಗೆ ತಂತಿ ಕಿತ್ತು, ಕೋಳಿಯನ್ನು ಫ್ರಿಜ್ಜಿಗೆ ಸೇರಿಸಿ, ಕೈ ತೊಳೆದ. ತಾನೇ ಮೇಲೆ ಹೋಗಿ ಬಾಗಿಲು ತಟ್ಟಿದರೆ? ಏನೆಂದು ಹೇಳುವುದು? ಮಂದಿಯ ಎಷ್ಟೋ ಪುಟ ತಿದ್ದಿದವನಿಗೆ ಒಂದು ಮಾತು ಹೊಂದಿಸಲಾಗಲಿಲ್ಲ. ಮೆಟ್ಟಿಲ ತನಕ ಹೋಗಿ ವಾಪಸು ಬಂದ. ಎರಡು ಕುರ್ಚಿಗಳಲ್ಲಿ ಒಂದನ್ನು ಮಡಚಿ ಗೋಡೆಗೆ ಒರಗಿಸಿದ. ಹಿತ್ತಲಲ್ಲಿ ಆಕಾಶ ತೊಳೆದಿಟ್ಟಂತೆ ನಿಚ್ಚಳವಾಗಿತ್ತು.

ಬಾಗಿಲು ದಬದಬ ಎಂದಿತು.

ಮೀಟರ್ ನೋಡುವವನಿರಬೇಕು ಎಂದುಕೊಂಡು ತೆಗೆದ. ಹೊಸ್ತಿಲಾಚೆ ನರ್ಸ್ ನಿಂತಿದ್ದಳು. ತಲೆ ನೀಟಾಗಿ ಬಾಚಿದ್ದಳು. ಮೂಗಿಗೆ ಕರವಸ್ತ್ರ ಒತ್ತಿ ಹಿಡಿದಿದ್ದಳು.

“ಏನ್ರೀ, ಮತ್ತೆ ಶುರು ಮಾಡಿದ್ರಾ? ನಿಮ್ಮ ಹೊಗೆಗೆ ಮೇಲೆ ಕಣ್ಣು ಬಿಡೋಕಾಗ್ತಿಲ್ಲ!”