ನೀರು ನಿಲ್ಲದ ಗಾಡಿ

ರಾತ್ರಿ ಸುರಿದ ಚೈತ್ರದ ಮಳೆಗೆ ಅಂಗಳವೆಲ್ಲ ಒದ್ದೆಯಾಗಿತ್ತು. ಪಿಕಪ್ಪಿನ ಅಡಿಯ ನೆಲ ಮಾತ್ರ ಒಲೆಬೂದಿಯಂತೆ ಒಣಗಿತ್ತು. ನಂಜುಂಡಸ್ವಾಮಿ ಮಂಡಿಯೂರಿ ಅಲ್ಲಿ ಅಂಗೈ ಒತ್ತಿ ನೋಡಿದ. ಒಂದು ಹನಿ ಸೋರಿದ ಗುರುತಿಲ್ಲ. ಎದ್ದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಒಳಗೂ ಒಂದು ಹನಿ ಇರಲಿಲ್ಲ.

ಸಂಜೆ ತಾನೇ ಕೈಯಾರೆ ತುಂಬಿಸಿದ್ದ. ಇದು ಮೂರನೆಯ ದಿನ.

ಹೆಂಡತಿ ಗುರುಶಾಂತಮ್ಮ ಬಾಗಿಲಲ್ಲಿ ನಿಂತಿದ್ದಳು. "ಕೋಳಿ ಕೂಗೋ ಹೊತ್ನಲ್ಲಿ ಗಾಡಿ ತಾವ ಬಳೆ ಸದ್ದಾಯ್ತು ಕಣ್ರೀ. ಯಾರೋ ಗಟಗಟ ನೀರು ಕುಡ್ದಂಗೆ."

"ಬಳೆ ಸದ್ದಾ? ಸರ್ಯಾಗಿ ಕೇಳಿಸ್ಕೊಂಡ್ಯಾ? ಮುದುಕ್ರು ಕೆಮ್ಮಿದಂಗೆ ಅಲ್ವಲ್ಲ?"

"ಯಾವ ಮುದುಕ ಬಳೆ ತೊಟ್ಕೊಂಡಾನು?"

ಅವನ ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತ್ತು.

ಗ್ಯಾರೇಜಿಗೆ ಒಯ್ದರೆ ನಾಲ್ಕು ಜನ ಸೇರಿ ನಾಲ್ಕು ಮಾತಾಡುತ್ತಾರೆಂದು ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ಮೆಕ್ಯಾನಿಕ್ ಕಂಠಪ್ಪನನ್ನು ಮನೆಗೇ ಕರೆಸಿದ. ಕಂಠಪ್ಪ ಹೊಸ ರೇಡಿಯೇಟರನ್ನು ಗೋಣಿಯಲ್ಲಿ ಸುತ್ತಿ ತಂದ. ಇಬ್ಬರೂ ಸೇರಿ ಪೈಪುಗಳ ಕ್ಲಿಪ್ಪು ಸಡಿಲಿಸಿ, ಬೋಲ್ಟು ಬಿಚ್ಚಿ, ಹಳೆಯದನ್ನು ಎತ್ತಿ ಹೊರಗಿಟ್ಟರು. ಅದರ ಬಾಯಿಗಳಿಗೆ ಬಟ್ಟೆ ತುರುಕಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ, ದನದ ತೊಟ್ಟಿಯಲ್ಲಿ ಮುಳುಗಿಸಿದ ಕಂಠಪ್ಪ. ತೂತಿದ್ದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ.

"ಲೇ ನಂಜುಂಡ, ಇದು ನಿನ್ಗಿಂತ ಗಟ್ಟಿಯಾಗದೆ ಕಣ್ಲಾ. ಎಲ್ಲೂ ಸೋರ್ತಿಲ್ಲ. ಬಿಚ್ಚಾಕಿಸ್ದೆ ಯಾಕೆ?"

"ಹೊಸದು ಕೂರ್ಸು. ಮಾತು ಬ್ಯಾಡ."

ಮಧ್ಯಾಹ್ನದ ಹೊತ್ತಿಗೆ ಹೊಸದು ಕೂತಿತು. ನೀರು ತುಂಬಿ, ಇಂಜಿನ್ ಓಡಿಸಿ, ಒಳಗಿನ ಗಾಳಿಯೆಲ್ಲ ಹೋಗುವ ತನಕ ಕಾದು, ಮತ್ತೆ ತುಂಬಿ ಮುಚ್ಚಳ ಬಿಗಿದರು. ಮುಚ್ಚಳದ ಮೇಲೆ ಗುರುಶಾಂತಮ್ಮ ಒಂದು ಎಳೆ ವಿಭೂತಿ ಹಚ್ಚಿದಳು.

ಮರುದಿನ ಬೆಳಿಗ್ಗೆ ಹೊಸದೂ ಖಾಲಿ. ವಿಭೂತಿ ಹಾಗೇ ಇತ್ತು.

ಗುರುಶಾಂತಮ್ಮ ಗಂಡನನ್ನು ಜಗಲಿಯ ಮೇಲೆ ಕೂರಿಸಿದಳು. "ನಿಜ ಹೇಳಿ. ಯಾರ ನೀರಿನ ಋಣ ಇಟ್ಕೊಂಡಿದ್ದೀರಿ?"

ಎರಡು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ಹೊರಬಂತು. ಶಿವರಾತ್ರಿ ಕಳೆದ ಮಾರನೆಯ ವಾರ ಶುಂಠಿ ತುಂಬಿಕೊಂಡು ಬರುವಾಗ ಬೀಚನಹಳ್ಳಿ ಕಡೆಯ ಕಾಡುದಾರಿಯಲ್ಲಿ ಗಾಡಿ ಕುದಿದು ನಿಂತಿತ್ತು. ಹೊತ್ತು ಇಳಿಯುತ್ತಿತ್ತು, ಆನೆ ದಾಟುವ ಜಾಗ. ಅಷ್ಟರಲ್ಲಿ ಒಬ್ಬ ಮುದುಕ ಹೆಗಲ ಮೇಲೆ ನೀರಿನ ಕ್ಯಾನು ಹೊತ್ತು ಬಂದ. ಬಿಸಿಲಿಗೆ ಅವನ ತುಟಿ ಒಡೆದಿತ್ತು. ಕ್ಯಾನು ಮಾತ್ರ ತುಂಬಿಕೊಂಡೇ ಇತ್ತು. "ಸಾಮಿ, ಇದು..." ಎಂದು ಮುದುಕ ಬಾಯಿ ತೆರೆಯುವಷ್ಟರಲ್ಲಿ ನಂಜುಂಡಸ್ವಾಮಿ ಕ್ಯಾನು ಇಳಿಸಿಕೊಂಡು ರೇಡಿಯೇಟರಿಗೆ ಸುರಿದಾಗಿತ್ತು. "ಅರ್ಧ ಗಂಟೆ ತಾತ. ಲೋಡು ಇಳಿಸಿ, ಕ್ಯಾನು ತುಂಬ್ಕೊಂಡು ಬಂದು ನಿನ್ ಮನೆ ತಂಕ ಬುಡ್ತೀನಿ" ಎಂದಿದ್ದ.

"ಹೋದ್ರಾ?"

"ಇಲ್ಲ."

ಲೋಡು ಇಳಿಸಿದ ಮೇಲೆ ಮೈ ಸೋತಿತ್ತು. ನಾಳೆ ಎಂದುಕೊಂಡ. ಮರುದಿನ ಕೋಟೆ ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಯಾರೋ, ಆ ದಾರಿಯ ಕಾಡಂಚಿನ ಊರಲ್ಲಿ ಸಾವಾಗಿದೆ ಎಂದರು. ಯಾರದೆಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಆ ದಾರಿಯನ್ನೇ ಬಿಟ್ಟುಬಿಟ್ಟ. ಬಾಯಾರಿದ ಮುದುಕನ ಬಾಯಿಯ ನೀರು ಕಿತ್ತುಕೊಂಡು ಕೊಂದೆನೇ ಎಂಬ ಪ್ರಶ್ನೆ ಮಾತ್ರ ಅವನನ್ನು ಬಿಡಲಿಲ್ಲ.

"ಇದ್ರೆ ಅವ್ನ ಕೈಗೆ ಕೊಡಿ, ಇಲ್ದಿದ್ರೆ ಅವ್ನ ಮಣ್ಣಿಗೆ ಕೊಡಿ," ಎಂದಳು ಗುರುಶಾಂತಮ್ಮ. "ನಮ್ ಬೋರಿನ ಸಪ್ಪೆ ನೀರು ಬ್ಯಾಡ. ಹೋಗ್ತಾ ಬೀಚನಹಳ್ಳೀಲಿ ಕಪಿಲಮ್ಮನ ಹೊಳೆನೀರು ತುಂಬ್ಕೊಂಡೋಗಿ."

ಅವನು ಬಸ್ಸಿನಲ್ಲಿ ಹೋದ. ಬೀಚನಹಳ್ಳಿ ಅಣೆಕಟ್ಟೆಯ ಹಿನ್ನೀರಿಗೆ ಇಳಿದು, ಕೈಮುಗಿದು, ಮುದುಕನ ಕ್ಯಾನು ತುಂಬಿಸಿದ. ಕಾಡಂಚಿನ ಊರಿಗೆ ನಡೆದು ಗುರುತು ಹೇಳಿ ವಿಚಾರಿಸಿದಾಗ, ಒಬ್ಬ ಹೆಂಗಸು ಕೊನೆಯ ಮನೆಯತ್ತ ಕೈ ತೋರಿಸಿದಳು: "ಮಂಟಯ್ಯನ್ನ ಕೇಳ್ತಿದ್ದೀರಾ?"

ಮನೆಯ ಮುಂದೆ ಮುದುಕ ಕಡ್ಡಿಪೊರಕೆ ಕಟ್ಟುತ್ತ ಕೂತಿದ್ದ. ಅದೇ ಮುಖ.

"ಬದ್ಕಿದ್ದೀಯಾ ತಾತ!"

"ಇನ್ನೇನ್ ಮಾಡಾನ ಸಾಮಿ, ಮೇಲಿನವ್ನಿಗೆ ನನ್ ನೆಪ್ಪಿಲ್ಲ," ಎಂದು ನಕ್ಕ ಮಂಟಯ್ಯ. ಆಮೇಲೆ ಗುರುತು ಹತ್ತಿತು. ನಗು ನಿಂತಿತು.

ಶಿವನೇ, ಕೊಂದಿಲ್ಲ. ನಂಜುಂಡಸ್ವಾಮಿಗೆ ಎರಡು ತಿಂಗಳ ಮೇಲೆ ಉಸಿರು ಸರಾಗವಾಗಿ ಬಂತು. ಕ್ಯಾನನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. "ಅವತ್ತು ಬಾಯಾರಿದೋನ ನೀರು ಕಿತ್ಕೊಂಡೆ. ತಪ್ಪಾಯ್ತು. ಕುಡಿ ತಾತ."

"ನಂಗಾಗಿದ್ರೆ ದಾರೀಲೇ ಕುಡೀತಿರ್ನಿಲ್ವಾ ಸಾಮಿ?" ಮಂಟಯ್ಯ ಅಂಗೈಗೆ ನಾಲ್ಕು ಹನಿ ಸುರಿದುಕೊಂಡು ಮೂಸಿದ. "ಎಲ್ಲಿ ನೀರಿದು?"

"ಬೀಚನಹಳ್ಳಿ ಹಿನ್ನೀರು."

ಮುದುಕ ಎದ್ದು, ಹಿಂಬಾಲಿಸುವಂತೆ ಸನ್ನೆ ಮಾಡಿ, ಮನೆಯ ಹಿಂದಿನ ಹೊಲಕ್ಕೆ ನಡೆದ. ಬದುವಿನ ಪಕ್ಕ ಎರಡು ತಿಂಗಳ ಹಳೆಯ ಮಣ್ಣಿನ ಗುಡ್ಡೆ. ಅದರ ತಲೆದೆಸೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಯಾನನ್ನು ತಿರುಗಿ ನಂಜುಂಡಸ್ವಾಮಿಯ ಕೈಗೇ ಕೊಟ್ಟ.

"ನೀವೇ ಬುಡಿ ಸಾಮಿ. ನನ್ ಹೆಂಡ್ರು, ಮಲ್ಲಾಜಮ್ಮ. ಇವಳ ತವರೂರು ಆ ಡ್ಯಾಮಿನ ನೀರಾಗೆ ಮುಳುಗೋಗದೆ. ತವರ ನೀರು ಒಂದ್ ಗುಟುಕು ಬಾಯಿಗೆ ಬುಡು, ಹೋಯ್ತೀನಿ ಅಂದಿದ್ಲು. ಅವತ್ತು ನಾನು ಬರಿಗೈಲಿ ಬಂದೆ. ಕೋಳಿ ಕೂಗೋ ತಂಕ ಬಾಯಿ ತಕ್ಕೊಂಡೇ ಕಾದ್ಲು."

ನಂಜುಂಡಸ್ವಾಮಿ ಚಪ್ಪಲಿ ಕಳಚಿದ. ಮಂಡಿಯೂರಿ, ಮಣ್ಣಿಗೆ ಮೆಲ್ಲಗೆ ನೀರು ಬಿಟ್ಟ.