ಮ್ಯಾಗ್‌ಪೈ ಹಿಡಿದುಕೊಟ್ಟ ಮನುಷ್ಯ

ಮೊದಲ ಏಟಿಗೇ ಮಿಲಾನ್ ಕೊವಾಚನ ಕಿವಿ ಹರಿಯಿತು. ಹಕ್ಕಿ ಹಿಂದಿನಿಂದ ಬಂದಿತ್ತು. ರೆಕ್ಕೆಯ ಸದ್ದು ಕೇಳಿ ಅವನು ತಲೆ ತಗ್ಗಿಸುವಷ್ಟರಲ್ಲಿ ಕೊಕ್ಕು ತನ್ನ ಕೆಲಸ ಮುಗಿಸಿತ್ತು. ಕತ್ತಿನ ಮೇಲೆ ರಕ್ತ ಇಳಿಯಿತು. ನೀಲಗಿರಿ ಮರದ ತುದಿಯವರೆಗೆ ಏರಿದ, ಕಾಗೆಯಷ್ಟು ದೊಡ್ಡ ಕಪ್ಪು-ಬಿಳುಪಿನ ಗಂಡು ಮ್ಯಾಗ್‌ಪೈ ಅಲ್ಲಿಂದಲೇ ತಿರುಗಿ, ಈ ಬಾರಿ ಮುಖಕ್ಕೇ ಎರಗಿತು.

ಹುಲ್ಲಿನ ಅಂಚಿನಲ್ಲಿ ನಿಂತವರಲ್ಲಿ ಒಬ್ಬರೂ ಅಲುಗಲಿಲ್ಲ. ಅವರು ಕಾಯುತ್ತಿದ್ದದ್ದು ಇದಕ್ಕೇ.

ಬ್ರಿಸ್ಬೇನಿನ ಆ ಉದ್ಯಾನದ ಹಕ್ಕಿಗಳ ಮೇಲೆ ಕಣ್ಣಿಟ್ಟು ಕಾಯುವ ಬಳಗ ಅದು. ಯಾವ ಮರದಲ್ಲಿ ಯಾವ ಜೋಡಿ, ಯಾವ ಗೂಡಿನಲ್ಲಿ ಎಷ್ಟು ಮರಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಹಿಂದಿನ ವಾರ ಈ ಗಂಡಿನ ಜೊತೆಗಾತಿ, ಮರದಿಂದ ಕಾಣದ ಪೊದೆಗಳ ಮರೆಯಲ್ಲಿ ಸತ್ತು ಬಿದ್ದಿತ್ತು. ಕಲ್ಲೇಟಿನ ಗಾಯವಿಲ್ಲ, ನಾಯಿಯ ಹಲ್ಲಿನ ಗುರುತಿಲ್ಲ. ಒದ್ದೆ ಬಟ್ಟೆ ಹಿಂಡಿದಂತೆ ಕತ್ತನ್ನು ತಿರುಚಲಾಗಿತ್ತು. ಅದು ಮನುಷ್ಯನ ಕೈಯ ಕೆಲಸ. ಗೂಡಿನಲ್ಲಿ ಎರಡು ಮರಿಗಳಿದ್ದವು. ಅಂದಿನಿಂದ ತಂದೆಯೊಂದೇ ಅವುಗಳಿಗೆ ಉಣಿಸುತ್ತಿತ್ತು.

ಮ್ಯಾಗ್‌ಪೈ ಮುಖ ಮರೆಯುವುದಿಲ್ಲವೆಂಬುದು ಆ ಊರಿನಲ್ಲಿ ಚರ್ಚೆಯ ವಿಷಯವೇ ಅಲ್ಲ. ಒಮ್ಮೆ ಕೆಣಕಿದ ಅಂಚೆಯವನನ್ನು ಅದು ವರ್ಷ ವರ್ಷವೂ ಹುಡುಕಿ ಕುಕ್ಕುತ್ತದೆ. ಅವನ ಬೆನ್ನಿಗೇ ಬರುವ ನೂರು ಜನರನ್ನು ಸುಮ್ಮನೆ ಬಿಡುತ್ತದೆ. ಆದ್ದರಿಂದ ಬಳಗದ ಕ್ಲಿಫ್ ಡಗನ್ ಒಂದು ಪರೀಕ್ಷೆ ಹೂಡಿದ. ಹಕ್ಕಿ ಸತ್ತ ಸಂಜೆ ಉದ್ಯಾನದಲ್ಲಿ ಕಂಡಿದ್ದ ಮೂರು ಗಂಡಸರು ಟೋಪಿ ತೆಗೆದು, ಒಬ್ಬೊಬ್ಬರಾಗಿ, ಗೂಡಿನ ಕೆಳಗೆ ಹಾದುಹೋಗಬೇಕು.

"ಜಡ್ಜ್ ಸಾಹೇಬ್ರು ಮೇಲೆ ಕೂತಿದಾರೆ," ಎಂದ ಕ್ಲಿಫ್. "ವಕೀಲರು ಬೇಕಿಲ್ಲ. ನಡೀರಪ್ಪಾ."

ಬೇಡವೆಂದವಳು ವೆರ್ನಾ ಪಾಸ್ಕೋ ಒಬ್ಬಳೇ. ಬಳಗಕ್ಕೆಲ್ಲ ಹಿರಿಯಳು. "ಸತ್ತಿದ್ದು ಸತ್ತಾಯ್ತು ಕ್ಲಿಫ್. ಇದನ್ನ ಇಲ್ಲಿಗೇ ಬಿಡು."

"ನಿಮ್ಮ ಮನಸ್ಸು ಬೆಣ್ಣೆ ವೆರ್ನಾ. ಆ ಸತ್ತ ಹೆಣ್ಣು ಹಕ್ಕೀನೇ ಕ್ಷಮಿಸಿದೋರು ನೀವು."

ಅದು ಎಲ್ಲರಿಗೂ ತಿಳಿದ ಸಂಗತಿ. ಕಳೆದ ಬೇಸಿಗೆಯಲ್ಲಿ ಹೊರಗಿನಿಂದ ಬಂದ ಆ ಹೆಣ್ಣು ಹಕ್ಕಿ, ಅಲ್ಲಿದ್ದ ಹಳೆಯ ಹೆಣ್ಣನ್ನು ನೆಲಕ್ಕೆ ಕೆಡವಿ, ಕಣ್ಣು ಕಿತ್ತು, ಕೊಂದು ಈ ಮರವನ್ನು ಗೆದ್ದಿತ್ತು. ಹಳೆಯದನ್ನು ಮರಿಯಾಗಿದ್ದಾಗಿನಿಂದ ಬಲ್ಲವಳು ವೆರ್ನಾ. ಬರಿಗೈಯಿಂದ ಮಣ್ಣು ತೋಡಿ ಹೂಳಿದಳು. ಅಳಲಿಲ್ಲ. ಆಮೇಲೆ ಆ ಕೊಲೆಗಾತಿಯನ್ನೇ ಪಳಗಿಸಲು ಕುಳಿತಳು. ಇಂಥ ದೊಡ್ಡ ಗುಣ ಎಲ್ಲರಿಗೆ ಬರುವುದಿಲ್ಲವೆಂದು ಬಳಗ ಆಡಿಕೊಂಡಿತ್ತು.

ಮೊದಲನೆಯವನು, ದಿನವೂ ಅಲ್ಲಿ ಓಡುವವನು, ಹಾದುಹೋದ. ಹಕ್ಕಿ ತಲೆ ವಾರೆಮಾಡಿ ನೋಡಿತು, ಅಷ್ಟೆ. ಎರಡನೆಯವನು, ನಾಯಿ ಅಡ್ಡಾಡಿಸುವವನು, ಬಂದಾಗ ಅದು ಹುಲ್ಲಿಗಿಳಿದು ಹುಳು ಎಳೆಯುತ್ತಿದ್ದದ್ದನ್ನೂ ನಿಲ್ಲಿಸಲಿಲ್ಲ. ಮೂರನೆಯವನು ಮಿಲಾನ್. ಊರಿನ ಮರಗಳ ಕೊಂಬೆ ಸವರುವುದು ಅವನ ಕಸುಬು. "ಆ ಮರದ ಹತ್ರಕ್ಕೂ ನಾನು ಹೋದೋನಲ್ಲ," ಎಂದು ಆತ ಮೊದಲೇ ಆಣೆ ಹಾಕಿದ್ದ.

ಎರಡನೆಯ ದಾಳಿಗೆ ಅವನ ಹುಬ್ಬು ಸೀಳಿತು. ಮೂರನೆಯದಕ್ಕೆ ಅವನು ಮಂಡಿಯೂರಿದ.

"ಹತ್ರಕ್ಕೂ ಹೋಗಿಲ್ವಂತೆ!" ಕ್ಲಿಫ್ ನುಗ್ಗಿದ. ಅವನ ಕೈಯಲ್ಲಿದ್ದದ್ದು ಕ್ರಿಕೆಟ್ ಬ್ಯಾಟ್ ಎಂದು ಕೆಲವರು ಹೇಳುತ್ತಾರೆ, ಮುರಿದ ಬೆಂಚಿನ ಹಲಗೆ ಎಂದು ಕೆಲವರು. ಮೊದಲ ಹೊಡೆತ ಬಾಯಿಗೆ ಬಿತ್ತೆಂಬುದರಲ್ಲಿ ಮಾತ್ರ ಭೇದವಿಲ್ಲ. ಹಲ್ಲು ಹುಲ್ಲಿನ ಮೇಲೆ ಉದುರಿದವು. ಉಳಿದವರೂ ಸೇರಿಕೊಂಡರು. ಎಂದೂ ಇರುವೆ ತುಳಿಯದ ಜನ ಬೂಟುಗಾಲಿನಲ್ಲಿ ಪಕ್ಕೆಗೆ ಒದ್ದರು.

"ಕೈ ಹಿಡ್ಕೊಳ್ಳಿ ಅವಂದು. ಕತ್ತು ತಿರುಚಿದ ಕೈ!"

ಮಣಿಕಟ್ಟು ಒಣ ಕಡ್ಡಿಯಂತೆ ಲಟಕ್ಕೆಂದಿತು. ಮಿಲಾನನ ಚೀತ್ಕಾರಕ್ಕೆ ಕೆರೆಯ ಬಾತುಗಳು ಎದ್ದು ಹಾರಿದವು.

"ಸಾಕು!" ವೆರ್ನಾ ಕೂಗಿದಳು. "ಅವ್ನು ಸತ್ತೋಗ್ತಾನೆ!"

ಏಟು ನಿಂತಿತು. ರಕ್ತ ಉಗುಳುತ್ತ ಮಿಲಾನ್ ತೊದಲಿದ. "ಹತ್ತಿದ್ದೆ... ಮರ ಹತ್ತಿದ್ದೆ. ಮರಿ ಕೆಳಗ್ ಬಿದ್ದಿತ್ತು. ಜೇಬಲ್ಲಿಟ್ಕೊಂಡು ಹತ್ತಿ... ಗೂಡಿಗೆ ವಾಪಸ್ ಬಿಟ್ಟೆ."

ಕ್ಲಿಫ್ ತಲೆಯೆತ್ತಿದ. ಗೂಡಿನ ಅಂಚಿನಲ್ಲಿ ಎರಡು ಕೊಕ್ಕುಗಳು ತೆರೆದುಕೊಂಡಿದ್ದವು. ಮರಿಗೆ ಕೈ ಹಾಕಿದವನ ಮುಖವನ್ನು ಯಾವ ಮ್ಯಾಗ್‌ಪೈ ತಂದೆ ಮರೆತೀತು? ಹಕ್ಕಿ ಸುಳ್ಳು ಹೇಳಿರಲಿಲ್ಲ. ಇವರು ಕೇಳಿದ ಪ್ರಶ್ನೆಯೇ ಬೇರೆಯಿತ್ತು.

"ಮೊದ್ಲೇ ಬೊಗಳೋಕೇನಾಗಿತ್ತು ಮಾರಾಯ?" ಎಂದ ಕ್ಲಿಫ್.

"ಗೂಡು ಮುಟ್ಟಿದ್ರೆ ಕೊಂಬೆ ಸವರೋ ಲೈಸೆನ್ಸ್ ಹೋಗುತ್ತೆ. ಆಮೇಲೆ ಹೇಳೋಣ ಅಂದ್ರೆ... ನೀನು ಬಾಯಿಗೇ ಹೊಡೆದೆ."

ವೆರ್ನಾ ಮಿಲಾನನ ಬಳಿ ಕುಳಿತು ಕರವಸ್ತ್ರದಿಂದ ಅವನ ಬಾಯಿ ಒರೆಸತೊಡಗಿದಳು. ಮೇಲೆ ರೆಕ್ಕೆಯ ಸದ್ದು. ಮಿಲಾನ್ ಮುರಿಯದ ಕೈಯಿಂದ ತಲೆ ಮುಚ್ಚಿಕೊಂಡ. ಗಂಡು ಮ್ಯಾಗ್‌ಪೈ ಅವನನ್ನು ದಾಟಿ, ಆಕೆಯ ಮಗ್ಗುಲಲ್ಲಿ ಇಳಿಯಿತು. ತೋಳಿನಷ್ಟು ದೂರದಲ್ಲಿ ನಿಂತು, ಬಾ ಎಂದರೂ ಮುಂದೆ ಬರಲಿಲ್ಲ.

"ಇದಿನ್ನೂ ಸ್ವಲ್ಪ ನಾಚ್ಕೊಳ್ಳುತ್ತೆ," ಎಂದು ಗುಂಪಿನಲ್ಲಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. "ಇದ್ರ ಹೆಂಡ್ತಿ ನೋಡ್ಬೇಕಿತ್ತು. ನಾವು ಕರೆದ್ರೆ ಹಾರಿಹೋಗ್ತಿತ್ತು. ವೆರ್ನಾ ಅಂಗೈ ಮೇಲೆ ಕೂತೇ ತಿನ್ನೋದು."

ಕ್ಲಿಫನ ಕೈಯಿಂದ ಹಿಡಿದದ್ದು ಜಾರಿಬಿತ್ತು.

"ವೆರ್ನಾ," ಎಂದ ಅವನು ಬಹಳ ಮೆಲ್ಲಗೆ, "ಅದು ಬೇರೆ ಯಾರ ಕೈಗೂ ಸಿಕ್ತಿರ್ಲಿಲ್ಲ, ಅಲ್ವಾ?"

ಆಕೆ ಮಿಲಾನನ ಹುಬ್ಬಿನ ರಕ್ತವನ್ನು ಒರೆಸುತ್ತಲೇ ಇದ್ದಳು.

"ಚಳಿಗಾಲ ಪೂರ್ತಿ ಬೇಕಾಯ್ತು ಕಣಪ್ಪಾ, ಅದು ಕತ್ತು ಸಿಗೋಷ್ಟು ಹತ್ರ ಬರೋಕೆ."